ಜೋಮು ಬೆರಳಿನಲ್ಲಿ, ಮೂಲ ಮಣಿಕಟ್ಟಿನಲ್ಲಿ

ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ಎರಡು ಅಂಗೈಗಳನ್ನೂ ಉಜ್ಜಿ, ನೋಡಿ, ಕಣ್ಣಿಗೊತ್ತಿಕೊಳ್ಳುವ ಪದ್ಧತಿ ಕನ್ನಡಿಗರ ಅನೇಕ ಮನೆಗಳಲ್ಲಿ ಇಂದಿಗೂ ಉಳಿದುಬಂದಿದೆ. ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈಗಳಂಥ ಮಹಾನಗರಗಳಲ್ಲಿ ನೆಲೆಸಿದವರೂ ಅದನ್ನು ಬಿಟ್ಟುಕೊಟ್ಟಿಲ್ಲ. ಆದರೆ ನಲವತ್ತು ದಾಟಿದ ಕೆಲವರಿಗೆ, ಅದರಲ್ಲಿಯೂ ಹೆಂಗಸರಿಗೆ, ಆ ಹೊತ್ತಿನಲ್ಲಿ ಅಂಗೈ ತಮ್ಮದೆಂದೇ ಅನ್ನಿಸುವುದಿಲ್ಲ. ಬೆರಳುಗಳು ಬಾತುಕೊಂಡಂತೆ ಭಾಸವಾಗುತ್ತವೆ. ನೋಡಿದರೆ ಬಾವು ಕಾಣದು. ಸೂಜಿಯಿಂದ ಚುಚ್ಚಿದಂತೆ, ಇರುವೆ ಹರಿದಂತೆ, ಕೆಲವೊಮ್ಮೆ ಕೆಂಡ ತಗುಲಿದಂತೆ ಉರಿ. ನಡುರಾತ್ರಿ ಎರಡು ಗಂಟೆಗೋ ಮೂರು ಗಂಟೆಗೋ ಎಚ್ಚರವಾಗಿ, ಮಂಚದ ಅಂಚಿನಿಂದ ಕೈಯನ್ನು ಇಳಿಬಿಟ್ಟು, ಪಾದರಸದ ಥರ್ಮಾಮೀಟರನ್ನು ಜಾಡಿಸುವಂತೆ ಹತ್ತಾರು ಬಾರಿ ಜಾಡಿಸಿದ ಮೇಲೆ ಕೈಗೆ ಜೀವ ಬರುತ್ತದೆ. ಮತ್ತೆ ನಿದ್ರೆ ಹತ್ತುವ ವೇಳೆಗೆ ಹಾಲಿನವನು ಬಾಗಿಲು ತಟ್ಟಿರುತ್ತಾನೆ.

ಈ ಉಪದ್ರವಕ್ಕೆ ಮನೆಯಲ್ಲಿ ಹೇಳುವ ಕಾರಣಗಳಿಗೆ ಕೊರತೆಯಿಲ್ಲ. ವಾಯು ಎನ್ನುವವರುಂಟು, ರಕ್ತಸಂಚಾರ ಸಾಲದು ಎನ್ನುವವರುಂಟು, ನಿಶ್ಶಕ್ತಿ ಎಂದು ತೀರ್ಮಾನಿಸಿ ಔಷಧದ ಅಂಗಡಿಯಿಂದ ತಾವೇ 'ನರದ ಮಾತ್ರೆ' ತಂದು ನುಂಗುವವರಂತೂ ಬಹಳ. ಎಡಗೈಯಾದರೆ ಹೃದಯದ ಭೀತಿ ಬೇರೆ. ಎಣ್ಣೆ ಹಚ್ಚಿ ನೀವುವುದು, ಬಿಸಿನೀರಿನಲ್ಲಿ ಅದ್ದುವುದು, ದಿಂಬು ಬದಲಾಯಿಸುವುದು, ಎಲ್ಲವೂ ನಡೆಯುತ್ತವೆ. ಹಗಲು ಬಂದೊಡನೆ ಕೈ ಸರಿಯಾಗುವುದರಿಂದ ವೈದ್ಯರ ಮಾತು ಮರೆತುಹೋಗುತ್ತದೆ. ಮಹಾನಗರದ ಸಂಸಾರಕ್ಕೆ ಇನ್ನೊಂದು ಅಭ್ಯಾಸವೂ ಅಂಟಿಕೊಂಡಿದೆ: ರಜೆಯಲ್ಲಿ ಊರಿಗೆ ಹೋದಾಗ ತೋರಿಸಿದರಾಯಿತು ಎಂಬ ಮುಂದೂಡಿಕೆ. ಊರಿಗೆ ಹೋದಾಗ ಮದುವೆ, ಜಾತ್ರೆ, ಜಮೀನಿನ ವಿಚಾರ. ಕೈಯ ವಿಚಾರ ಮುಂದಿನ ವರ್ಷಕ್ಕೆ. ಹೀಗೆ ಮೂರು ನಾಲ್ಕು ವರ್ಷ ಕಳೆದ ಮೇಲೆ ಹೆಬ್ಬೆರಳಿನ ಬುಡದ ಮಾಂಸದ ಉಬ್ಬು ಇಳಿದು ಚಪ್ಪಟೆಯಾಗಿರುವುದು ಕಣ್ಣಿಗೆ ಬೀಳುತ್ತದೆ. ಆ ಹೊತ್ತಿಗೆ ಮಾಡುವ ಚಿಕಿತ್ಸೆ ನೋವನ್ನು ಕಳೆಯಬಲ್ಲದು. ಕ್ಷಯಿಸಿದ ಸ್ನಾಯುವನ್ನು ಮರಳಿ ತುಂಬಿಕೊಡುತ್ತದೆಂಬ ಭರವಸೆಯನ್ನು ಯಾವ ವೈದ್ಯನೂ ಕೊಡಲಾರ. ಕೆಲವು ನೂರು ರೂಪಾಯಿಯ ಪಟ್ಟಿಯೊಂದರಿಂದ ಹಿಡಿತಕ್ಕೆ ತರಬಹುದಾಗಿದ್ದ ವ್ಯಾಧಿ ಹೀಗೆ ಬಡ್ಡಿ ಬೆಳೆಸಿಕೊಂಡು ಅಸಲನ್ನೇ ನುಂಗುತ್ತದೆ. ಈ ವ್ಯಾಧಿಗೆ ವೈದ್ಯಶಾಸ್ತ್ರದಲ್ಲಿ ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಹೆಸರು. ಕನ್ನಡದಲ್ಲಿ ಮಣಿಕಟ್ಟಿನ ಸುರಂಗದ ಬೇನೆ ಎನ್ನಬಹುದು.

ಸುರಂಗವೆಂದರೆ ಏನು?

ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಅವು ಎರಡು ಸಾಲಾಗಿ ಜೋಡಣೆಗೊಂಡು ಅಂಗೈಯ ಕಡೆಗೆ ತೋಡಿನಂತೆ ತಗ್ಗಾಗಿವೆ. ಈ ತೋಡಿನ ಮೇಲೆ, ಒಂದು ದಡದಿಂದ ಇನ್ನೊಂದು ದಡಕ್ಕೆ, ಗಟ್ಟಿಯಾದ ನಾರಿನ ಅಡ್ಡಪಟ್ಟಿಯೊಂದು ಬಿಗಿದುಕೊಂಡಿದೆ. ತಳದಲ್ಲಿ ಮತ್ತು ಪಕ್ಕಗಳಲ್ಲಿ ಮೂಳೆ, ಮೇಲೆ ಪಟ್ಟಿ. ನಡುವೆ ಉಳಿದ ಇಕ್ಕಟ್ಟಾದ ದಾರಿಯೇ ಸುರಂಗ. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳು, ಎಂದರೆ ಮುಂದೋಳಿನ ಸ್ನಾಯುಗಳಿಂದ ಬೆರಳಿನವರೆಗೆ ಹಾಯ್ದುಬರುವ ಹುರಿಗಳು, ಈ ದಾರಿಯಲ್ಲಿಯೇ ಹೋಗಬೇಕು. ಅವುಗಳ ಜೊತೆಗೆ ಒಂದು ನರ. ತೋಳಿನ ನಡುವೆ ಇಳಿದು ಬರುವುದರಿಂದ ಅದಕ್ಕೆ ಮೀಡಿಯನ್ ನರವೆಂದು ಹೆಸರು. ನಡುನರ ಎಂದರೂ ಸಲ್ಲುತ್ತದೆ.

ಮುಂಬಯಿಯ ಲೋಕಲ್ ರೈಲಿನಲ್ಲಿ ಬೆಳಗಿನ ಒಂಬತ್ತು ಗಂಟೆಗೆ ಪ್ರಯಾಣ ಮಾಡಿದವರಿಗೆ ಈ ಸುರಂಗದ ಸ್ಥಿತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಡಬ್ಬಿಯ ಗೋಡೆ ಹಿಗ್ಗುವುದಿಲ್ಲ. ಒಳಗಿನವರು ಒಬ್ಬರಿಗೊಬ್ಬರು ಒತ್ತಿಕೊಳ್ಳಬೇಕು. ಒಂಬತ್ತು ಹುರಿಗಳೂ ಗಟ್ಟಿ ಜಾತಿಯವು, ಅವುಗಳಿಗೆ ಒತ್ತಡ ತಾಗದು. ಮೆತ್ತಗಿರುವುದು ನರವೊಂದೇ. ಹುರಿಗಳನ್ನು ಸುತ್ತಿಕೊಂಡಿರುವ ತೆಳುಪೊರೆ ಯಾವ ಕಾರಣದಿಂದಾದರೂ ದಪ್ಪವಾದರೆ, ಅಥವಾ ಅಲ್ಲಿ ನೀರು ಸೇರಿಕೊಂಡರೆ, ಏಟು ಬೀಳುವುದು ಆ ಬಡಪಾಯಿಗೆ. ಆರೋಗ್ಯವಂತರ ಮಣಿಕಟ್ಟು ನೆಟ್ಟಗಿರುವಾಗ ಸುರಂಗದೊಳಗಿನ ಒತ್ತಡ ಸಾಮಾನ್ಯವಾಗಿ 10 ಮಿಲಿಮೀಟರ್ ಪಾದರಸಕ್ಕಿಂತ ಕಡಿಮೆ. ಈ ಬೇನೆಯುಳ್ಳವರಲ್ಲಿ ಅದು 30ರ ಸುಮಾರಿಗೆ ಏರಿರುತ್ತದೆ. ಕೈಯನ್ನು ಒಳಕ್ಕೆ ಬಗ್ಗಿಸಿದರೆ ಅದರ ಎರಡು ಮೂರು ಪಟ್ಟು. ಒತ್ತಡ ಏರಿದಾಗ ನರಕ್ಕೆ ರಕ್ತವನ್ನು ತರುವ ಅತಿ ಸಣ್ಣ ನಾಳಗಳು ಮುಚ್ಚಿಹೋಗುತ್ತವೆ. ನರ ಉಸಿರುಕಟ್ಟಿ ಕೂಗಿಕೊಳ್ಳುವ ಕೂಗೇ ಜೋಮು.

ರಾತ್ರಿಯೇ ಏಕೆ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ನಿದ್ರೆಯಲ್ಲಿ ಹೆಚ್ಚಿನವರ ಮಣಿಕಟ್ಟು ಕೆನ್ನೆಯ ಕೆಳಗೋ ಎದೆಯ ಮೇಲೋ ಬಾಗಿಕೊಂಡಿರುತ್ತದೆ. ಮೈ ಅಡ್ಡವಾದುದರಿಂದ ಹಗಲಿನಲ್ಲಿ ಕಾಲಿನ ಕಡೆ ಇಳಿದಿದ್ದ ನೀರಿನಂಶ ದೇಹದಲ್ಲೆಲ್ಲ ಹಂಚಿಹೋಗುತ್ತದೆ. ಹಗಲಿನಲ್ಲಾದರೆ ಕೈ ಆಡುತ್ತಲೇ ಇರುತ್ತದೆ. ನಿದ್ರೆಯಲ್ಲಿ ಬಾಗಿದ ಕೈ ಗಂಟೆಗಟ್ಟಲೆ ಬಾಗಿಯೇ ಇರುತ್ತದೆ.

ನಡುನರದ ಕೆಲಸ ಎರಡು ಬಗೆಯದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಒಂದು ಪಕ್ಕ, ಇಷ್ಟರ ಸ್ಪರ್ಶಜ್ಞಾನವನ್ನು ಮಿದುಳಿಗೆ ಮುಟ್ಟಿಸುವುದು ಒಂದು. ಹೆಬ್ಬೆರಳಿನ ಬುಡದ ಸ್ನಾಯುಗಳನ್ನು ನಡೆಸುವುದು ಇನ್ನೊಂದು. ಹೆಬ್ಬೆರಳು ಎದ್ದು ಬಂದು ಮಿಕ್ಕ ಬೆರಳುಗಳ ತುದಿಯನ್ನು ಮುಟ್ಟುವುದು ಈ ಸ್ನಾಯುಗಳ ಬಲದಿಂದ. ಅಂಗಿಯ ಗುಂಡಿ ಹಾಕುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಮಲ್ಲಿಗೆಯ ಮೊಗ್ಗನ್ನು ನಾರಿನಲ್ಲಿ ಕಟ್ಟುವುದು, ರಂಗೋಲಿಯ ಪುಡಿಯನ್ನು ಎಳೆಯಾಗಿ ಬಿಡುವುದು, ಲೇಖನಿ ಹಿಡಿಯುವುದು, ತುತ್ತು ಕಲಸಿ ಬಾಯಿಗೆ ಕೊಡುವುದು, ಇವೆಲ್ಲವೂ ಹೆಬ್ಬೆರಳಿನ ಆ ಒಂದು ಚಲನೆಯನ್ನು ನಂಬಿಕೊಂಡಿವೆ. ಕೈಯಿಂದ ಉಣ್ಣುವ ಜನಕ್ಕೆ ಈ ನರದ ಬೆಲೆ ಚಮಚದಿಂದ ಉಣ್ಣುವವರಿಗಿಂತ ಒಂದು ತೂಕ ಹೆಚ್ಚೇ ಎನ್ನಬೇಕು.

ತಪ್ಪಿದ ವಿಳಾಸದ ಇತಿಹಾಸ

ಬೇನೆ ಹಳೆಯದು, ಅದರ ನಿಜವಾದ ನೆಲೆ ತಿಳಿದದ್ದು ತಡವಾಗಿ. ಮಣಿಕಟ್ಟಿನ ಬಳಿ ಮೂಳೆ ಮುರಿದವರಲ್ಲಿ ನಡುನರ ಒತ್ತಡಕ್ಕೆ ಸಿಲುಕುವುದನ್ನು ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ 1854ರಲ್ಲಿಯೇ ಬಣ್ಣಿಸಿದ್ದನು. 1880ರಲ್ಲಿ ಬಾಸ್ಟನ್ನಿನ ವೈದ್ಯ ಜೇಮ್ಸ್ ಪಟ್ನಮ್, ರಾತ್ರಿ ಕೈ ಜೋಮು ಹಿಡಿದು ಎಚ್ಚರಗೊಳ್ಳುವ ರೋಗಿಗಳನ್ನು ಕುರಿತು ವಿಸ್ತಾರವಾಗಿ ಬರೆದನು. ಆದರೆ ಮೂಲ ಮಣಿಕಟ್ಟಿನಲ್ಲಿದೆ ಎಂದು ಅವನಿಗೆ ಹೊಳೆಯಲಿಲ್ಲ. 1913ರಲ್ಲಿ ಪ್ಯಾರಿಸ್ಸಿನ ಪಿಯರ್ ಮಾರೀ ಮತ್ತು ಶಾರ್ಲ್ ಫುವಾ ಎಂಬ ವೈದ್ಯರು, ಎರಡೂ ಹೆಬ್ಬೆರಳುಗಳ ಬುಡ ಕ್ಷಯಿಸಿದ್ದ 80 ವರ್ಷದ ವೃದ್ಧೆಯೊಬ್ಬಳ ಶವಪರೀಕ್ಷೆ ನಡೆಸಿ, ಅಡ್ಡಪಟ್ಟಿಯ ಕೆಳಗೆ ನರ ಸವೆದಿರುವುದನ್ನು ಕಣ್ಣಾರೆ ಕಂಡರು. ಬೇಗ ಗುರುತಿಸಿದಲ್ಲಿ ಆ ಪಟ್ಟಿಯನ್ನು ಕತ್ತರಿಸುವುದರಿಂದ ರೋಗ ಮುಂದುವರಿಯದಂತೆ ತಡೆಯಬಹುದೆಂದೂ ಸೂಚಿಸಿದರು. ಇಂದು ನಡೆಯುವ ಶಸ್ತ್ರಕ್ರಿಯೆ ಅದೇ.

ವಿಷಾದದ ಸಂಗತಿಯೆಂದರೆ ಆ ಸೂಚನೆ ಬಹುಕಾಲ ಕಡತದಲ್ಲಿಯೇ ಉಳಿಯಿತು. ಕೈ ಜೋಮು ಹಿಡಿದರೆ ಕುತ್ತಿಗೆಯ ಬುಡದಲ್ಲಿ ಪಕ್ಕೆಲುಬು ನರವನ್ನು ಒತ್ತುತ್ತಿದೆ ಎಂದು ನಂಬಿ, ಆ ಎಲುಬನ್ನೇ ತೆಗೆಯುತ್ತಿದ್ದ ಕಾಲವೊಂದಿತ್ತು. 1950ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಜಾರ್ಜ್ ಫಾಲೆನ್ ಎಂಬ ಶಸ್ತ್ರವೈದ್ಯ ರೋಗಿಗಳನ್ನು ಪರೀಕ್ಷಿಸಿ ಬರೆದ ಮೇಲೆಯೇ ಸಾಮಾನ್ಯ ವೈದ್ಯರ ದೃಷ್ಟಿ ಕುತ್ತಿಗೆಯಿಂದ ಮಣಿಕಟ್ಟಿಗೆ ಇಳಿದದ್ದು. ಆ ತಪ್ಪು ವಿಳಾಸ ಪೂರ್ತಿ ಅಳಿದಿದೆ ಎನ್ನುವಂತೆಯೂ ಇಲ್ಲ. ನಲವತ್ತೈದು ದಾಟಿದವರ ಕುತ್ತಿಗೆಯ ಎಕ್ಸ್‌ರೇ ತೆಗೆದರೆ ಅನೇಕರಲ್ಲಿ ಏನಾದರೊಂದು ಸವೆತ ಕಾಣುತ್ತದೆ. ಅದನ್ನು ನೋಡಿ ಸ್ಪಾಂಡಿಲೈಟಿಸ್ ಎಂದು ಹೆಸರಿಟ್ಟು, ಕೊರಳಿಗೆ ಪಟ್ಟಿ ತೊಡಿಸಿ, ತಿಂಗಳುಗಟ್ಟಲೆ ಕಳೆಯುವ ಪ್ರಸಂಗಗಳು ಇಂದಿಗೂ ಉಂಟು.

ಯಾರಿಗೆ ಬರುತ್ತದೆ?

ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ನಲವತ್ತರಿಂದ ಅರವತ್ತರ ನಡುವೆ ಹೆಚ್ಚು. ಮಧುಮೇಹ, ಥೈರಾಯಿಡ್ ಗ್ರಂಥಿಯ ಮಾಂದ್ಯ, ಕೀಲುಗಳನ್ನು ಹಿಡಿಯುವ ಸಂಧಿವಾತ, ಸ್ಥೂಲಕಾಯ, ಬಹುವರ್ಷಗಳ ಡಯಾಲಿಸಿಸ್, ಹಿಂದೆಂದೋ ಮಣಿಕಟ್ಟಿನ ಬಳಿ ಮುರಿದು ಕೂಡಿದ ಮೂಳೆ, ಇವೆಲ್ಲ ದಾರಿ ಮಾಡಿಕೊಡುತ್ತವೆ. ಮೈ ತೂಕ ಏರುತ್ತಿದೆ, ಸದಾ ಆಯಾಸ, ಚಳಿ ತಡೆಯದು, ಜೊತೆಗೆ ಕೈ ಜೋಮು ಎನ್ನುವ ಗೃಹಿಣಿಗೆ ಮೊದಲು ಬೇಕಾದುದು ಥೈರಾಯಿಡಿನ ರಕ್ತಪರೀಕ್ಷೆ. ಮಾಂದ್ಯವಿದ್ದು ಅದಕ್ಕೆ ಮಾತ್ರೆ ಆರಂಭವಾದರೆ ಕೈಯ ಬೇನೆಯೂ ತಗ್ಗುವುದುಂಟು. ಹಾಗೆಯೇ ಕೈ ತೋರಿಸಲು ಹೋದವರಲ್ಲಿ ಸಕ್ಕರೆಯ ಕಾಯಿಲೆ ಮೊದಲ ಬಾರಿಗೆ ಪತ್ತೆಯಾಗುವುದೂ ಅಪರೂಪವಲ್ಲ.

ಗರ್ಭಿಣಿಯರಲ್ಲಿ, ವಿಶೇಷವಾಗಿ ಕೊನೆಯ ಮೂರು ತಿಂಗಳಲ್ಲಿ, ಮೈಯಲ್ಲಿ ನೀರು ನಿಲ್ಲುವುದರಿಂದ ಈ ಬೇನೆ ತಲೆದೋರುತ್ತದೆ. ಹೆರಿಗೆಯಾದ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ತಾನಾಗಿಯೇ ಅಡಗುತ್ತದೆ; ಅಲ್ಲಿಯವರೆಗೆ ರಾತ್ರಿಯ ಪಟ್ಟಿ ಸಾಕು. ಬಾಣಂತಿಯ ಕೈ ಹಿಡಿತ ತಪ್ಪುತ್ತದೆಂದರೆ ಮಗುವನ್ನು ಎತ್ತಿಕೊಳ್ಳುವಾಗ ಇನ್ನೊಬ್ಬರು ಜೊತೆಗಿರುವುದು ಕ್ಷೇಮ.

ಇನ್ನು ದುಡಿಮೆಯ ವಿಚಾರ. ಬಲವಾಗಿ ಹಿಡಿದು ಮತ್ತೆ ಮತ್ತೆ ಅದೇ ಚಲನೆ ಮಾಡುವ ಕೆಲಸ, ಮಣಿಕಟ್ಟನ್ನು ಬಗ್ಗಿಸಿಯೇ ಮಾಡಬೇಕಾದ ಕೆಲಸ, ಕಂಪಿಸುವ ಯಂತ್ರವನ್ನು ಹಿಡಿಯುವ ಕೆಲಸ, ಈ ಮೂರು ಅಪಾಯಕಾರಿ. ಒರಳುಕಲ್ಲು ಮೂಲೆ ಸೇರಿ ಎಷ್ಟೋ ದಶಕಗಳಾದರೂ ಹೆಂಗಸರ ಮಣಿಕಟ್ಟಿಗೆ ಬಿಡುವು ದೊರೆತಿಲ್ಲ. ಹಿಟ್ಟು ನಾದುವುದು, ಕಾಯಿ ತುರಿಯುವುದು, ಒದ್ದೆ ಬಟ್ಟೆಯನ್ನು ತಿರುಚಿ ಹಿಂಡುವುದು ತಪ್ಪಲಿಲ್ಲ. ಉಡುಪಿ ಹೋಟೆಲುಗಳ ಅಡಿಗೆಮನೆಗಳಲ್ಲಿ ಇದೇ ಕೆಲಸವನ್ನು ಗಂಡಸರು ನೂರಾರು ಜನಕ್ಕಾಗಿ ಮಾಡುತ್ತಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಮುಂಬಯಿ ಪುಣೆಗಳ ಕಟ್ಟಡ ಕಾಮಗಾರಿಗೆ ಬರುವ ಕನ್ನಡಿಗ ಕಾರ್ಮಿಕರು ಗೋಡೆ ಕೊರೆಯುವ, ಕಾಂಕ್ರೀಟು ಒಡೆಯುವ ಯಂತ್ರಗಳನ್ನು ದಿನವಿಡೀ ಎದೆಗೊತ್ತಿ ಹಿಡಿದಿರುತ್ತಾರೆ. ಇವರ ಕೈಯ ಗೋಳು ವೈದ್ಯರವರೆಗೆ ಮುಟ್ಟುವುದೇ ವಿರಳ. ಕಂಪ್ಯೂಟರಿನ ಮೇಲೆಯೇ ಎಲ್ಲ ದೋಷವನ್ನೂ ಹೊರಿಸುವುದು ಇತ್ತೀಚಿನ ರೂಢಿ. ಕೀಲಿಮಣೆಯ ಕೆಲಸದಿಂದಲೇ ಈ ಬೇನೆ ಬರುತ್ತದೆ ಎಂಬುದಕ್ಕೆ ದೊರೆತಿರುವ ಆಧಾರ ದುರ್ಬಲವಾದುದು. ಇದ್ದ ಬೇನೆಯನ್ನು ಅದು ಕೆಣಕಬಹುದು. ಕಚೇರಿಯಲ್ಲಿ ಕುಳಿತವರ ಕೈಗೆ ಸಿಗುವ ಸಹಾನುಭೂತಿಯ ಒಂದು ಪಾಲಾದರೂ ಆ ಯಂತ್ರ ಹಿಡಿದವರ ಕೈಗೂ ಸಿಗಬೇಕಾದುದು ನ್ಯಾಯ.

ಕಿರುಬೆರಳ ಸಾಕ್ಷ್ಯ

ರೋಗನಿರ್ಣಯದಲ್ಲಿ ಅತ್ಯಂತ ಉಪಯುಕ್ತವಾದ ಸಾಕ್ಷಿ ಕಿರುಬೆರಳು. ನಡುನರಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಅಲ್ನರ್ ಎಂಬ ಬೇರೊಂದು ನರದ ಪಾಲಿಗೆ ಸೇರಿದ್ದು, ಆ ನರ ಸುರಂಗದ ಹೊರಗಿನಿಂದ ಹೋಗುತ್ತದೆ. ಆದುದರಿಂದ ಕೈಯೆಲ್ಲ ಜೋಮು ಎನ್ನುವವರು ಮುಂದಿನ ಸಲ ಎಚ್ಚರವಾದಾಗ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡತಕ್ಕದ್ದು. ಕಿರುಬೆರಳು ಸರಿಯಾಗಿದ್ದು ಮಿಕ್ಕ ಮೂರೂವರೆ ಬೆರಳು ಜೋಮು ಹಿಡಿದಿದ್ದರೆ ಶಂಕೆ ಮಣಿಕಟ್ಟಿನ ಮೇಲೆ. ಕಿರುಬೆರಳೇ ಮುಖ್ಯವಾಗಿ ಜೋಮು ಹಿಡಿದಿದ್ದರೆ ಮೊಣಕೈಯ ಬಳಿ ಅಲ್ನರ್ ನರವನ್ನು ವಿಚಾರಿಸಬೇಕು. ಕುತ್ತಿಗೆ ತಿರುಗಿಸಿದಾಗ ನೋವು ಭುಜದಿಂದ ಕೆಳಕ್ಕೆ ಹರಿದರೆ ಕುತ್ತಿಗೆಯ ಮೇಲೆ ಶಂಕೆ ಬರುವುದು ನ್ಯಾಯವೇ. ಎರಡೂ ಪಾದಗಳಲ್ಲಿ ಮೊದಲು ಜೋಮು ಆರಂಭವಾಗಿ ಆಮೇಲೆ ಕೈಗೆ ಬಂದಿದ್ದರೆ ಮಧುಮೇಹದ ನರದೋಷದ ಕಡೆ ಗಮನ ಹರಿಯಬೇಕು.

ಭಾರತದಲ್ಲಿ ಇನ್ನೊಂದು ಕಾಯಿಲೆಯನ್ನೂ ಮರೆಯಲಾಗದು. ಕುಷ್ಠವು ಮುಖ್ಯವಾಗಿ ಚರ್ಮ ಮತ್ತು ನರಗಳ ರೋಗ. ಅಲ್ನರ್ ನರವನ್ನು ಹೆಚ್ಚಾಗಿಯೂ ನಡುನರವನ್ನು ಕೆಲವೊಮ್ಮೆಯೂ ಅದು ಹಿಡಿಯುತ್ತದೆ. ಮೈಮೇಲೆ ಸ್ಪರ್ಶವಿಲ್ಲದ ಮಾಸಲು ಮಚ್ಚೆ ಇದ್ದು ಕೈಯೂ ಮರಗಟ್ಟಿದ್ದರೆ ಸಂಕೋಚಪಡದೆ ತೋರಿಸಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಉಚಿತ ಔಷಧವಿದೆ, ಪೂರ್ತಿ ವಾಸಿಯಾಗುತ್ತದೆ. ಎಡಗೈ ನೋವಿನ ಜೊತೆಗೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ, ಅಥವಾ ಥಟ್ಟನೆ ಕೈ ಸೋತು ಬಾಯಿ ಓರೆಯಾಗಿ ಮಾತು ತೊದಲಿದರೆ, ಬೆರಳೆಣಿಸುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದನ್ನು ಫಾಲೆನ್ ರೂಢಿಗೆ ತಂದನು. ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳು ಕೆಳಮುಖವಾಗುವಂತೆ, ಎಂದರೆ ನಮಸ್ಕಾರವನ್ನು ತಲೆಕೆಳಗು ಮಾಡಿದಂತೆ, ಒಂದು ನಿಮಿಷ ಹಿಡಿಯುವುದು. ಅಷ್ಟರೊಳಗೆ ಮೊದಲ ಮೂರು ಬೆರಳುಗಳಲ್ಲಿ ಜುಮುಜುಮು ಹತ್ತಿದರೆ ಸಂಶಯ ಬಲವಾಗುತ್ತದೆ. ಇದು ಸೂಚನೆ ಮಾತ್ರ, ತೀರ್ಪಲ್ಲ. 1999ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 14 ಮಂದಿ ಕೈಯ ನೋವು ಜೋಮುಗಳನ್ನು ಹೇಳಿಕೊಂಡರು. ವೈದ್ಯರ ಪರೀಕ್ಷೆ ಮತ್ತು ನರದ ಪರೀಕ್ಷೆ ಎರಡರಲ್ಲಿಯೂ ಈ ಬೇನೆ ದೃಢಪಟ್ಟದ್ದು ನೂರಕ್ಕೆ ಮೂವರಿಗಿಂತ ಕಡಿಮೆ. ವೈದ್ಯರು ಮಣಿಕಟ್ಟನ್ನು ಬೆರಳಿನಿಂದ ತಟ್ಟಿ, ಹೆಬ್ಬೆರಳಿನ ಬಲ ನೋಡಿ, ಅಗತ್ಯ ಕಂಡರೆ ನರದಲ್ಲಿ ವಿದ್ಯುತ್ ಸಂದೇಶ ಎಷ್ಟು ವೇಗವಾಗಿ ಹರಿಯುತ್ತದೆಂದು ಅಳೆಯುವ ಪರೀಕ್ಷೆಗೆ ಬರೆದುಕೊಡುತ್ತಾರೆ. ಸಣ್ಣ ಸಣ್ಣ ವಿದ್ಯುತ್ತಿನ ಚಿಟಿಕೆ ತಗುಲುತ್ತದೆ, ಅಷ್ಟೆ. ಶಸ್ತ್ರಕ್ರಿಯೆಯ ಮಾತು ಬಂದಾಗ ಈ ಪರೀಕ್ಷೆ ಮಾಡಿಸುವುದು ವಿವೇಕ.

ಚಿಕಿತ್ಸೆ

ಬೇನೆ ಬಂದು ಹೋಗುವ ಹಂತದಲ್ಲಿದ್ದರೆ, ಎಂದರೆ ಹಗಲಿನಲ್ಲಿ ಬೆರಳುಗಳಿಗೆ ಪೂರ್ತಿ ಸ್ಪರ್ಶವಿದ್ದು ಹೆಬ್ಬೆರಳು ಸೋತಿಲ್ಲದಿದ್ದರೆ, ಮೊದಲ ಚಿಕಿತ್ಸೆ ರಾತ್ರಿ ಕಟ್ಟಿಕೊಳ್ಳುವ ಮಣಿಕಟ್ಟಿನ ಪಟ್ಟಿ. ಸ್ಪ್ಲಿಂಟ್ ಎಂದು ಕೇಳಿದರೆ ಶಸ್ತ್ರಕ್ರಿಯಾ ಸಾಮಗ್ರಿಗಳ ಅಂಗಡಿಗಳಲ್ಲಿ ದೊರೆಯುತ್ತದೆ. ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸಿದ್ಧಪಟ್ಟಿಗಳ ಒಳಗಿನ ಲೋಹದ ಪಟ್ಟಿಕೆ ಎಷ್ಟೋ ವೇಳೆ ಕೈಯನ್ನು ಹಿಂದಕ್ಕೆ ಬಾಗಿಸಿ ಹಿಡಿಯುವಂತೆ ಬಳುಕಿರುತ್ತದೆ. ಸುರಂಗದ ಒತ್ತಡ ಅತ್ಯಂತ ಕಡಿಮೆಯಿರುವುದು ಮಣಿಕಟ್ಟು ನೆಟ್ಟಗಿರುವಾಗ; ಹಿಂದಕ್ಕೆ ಬಾಗಿದರೂ ಮುಂದಕ್ಕೆ ಬಾಗಿದರೂ ಏರುತ್ತದೆ. ಆದಕಾರಣ ಆ ಪಟ್ಟಿಕೆಯನ್ನು ಹೊರತೆಗೆದು ನೇರಮಾಡಿ ಹಾಕಿಕೊಳ್ಳಬೇಕು. ಬಿಗಿಯಾಗಿ ಕಟ್ಟಬಾರದು, ಬೆರಳುಗಳು ಸಲೀಸಾಗಿ ಆಡಬೇಕು. ಕ್ರೇಪ್ ಬ್ಯಾಂಡೇಜನ್ನು ಬಿಗಿದು ಸುತ್ತುವುದರಿಂದ ಒತ್ತಡ ಇಳಿಯುವ ಬದಲು ಹೆಚ್ಚುವ ಸಂಭವವೇ ಹೆಚ್ಚು. ನಾಲ್ಕು ರಾತ್ರಿ ಕಟ್ಟಿ, ಸೆಖೆಯೆಂದು ಬಿಸುಟು, ಗುಣವಾಗಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಕನಿಷ್ಠ 6 ವಾರ ಬಿಡದೆ ಕಟ್ಟಬೇಕು.

ಸುರಂಗದೊಳಗೆ ಸ್ಟಿರಾಯಿಡ್ ಚುಚ್ಚುಮದ್ದು ಕೊಡುವುದು ಇನ್ನೊಂದು ವಿಧಾನ. ಬೇಗ ಆರಾಮ ಕೊಡುತ್ತದೆ. ಇಂಗ್ಲೆಂಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಚುಚ್ಚುಮದ್ದನ್ನೂ ರಾತ್ರಿಯ ಪಟ್ಟಿಯನ್ನೂ ಹೋಲಿಸಿತು. 6 ವಾರಗಳಲ್ಲಿ ಚುಚ್ಚುಮದ್ದು ಮೇಲುಗೈ ಪಡೆಯಿತು. 6 ತಿಂಗಳ ಹೊತ್ತಿಗೆ ಎರಡಕ್ಕೂ ಗಮನಾರ್ಹ ವ್ಯತ್ಯಾಸ ಉಳಿಯಲಿಲ್ಲ. ಮದುವೆಯ ಮನೆಯ ಹೊಣೆ ಹೊತ್ತವರಿಗೂ ಪರೀಕ್ಷೆ ಬರೆಯಬೇಕಾದವರಿಗೂ ಚುಚ್ಚುಮದ್ದು ಉಪಕಾರಿ. ಮಧುಮೇಹಿಗಳಲ್ಲಿ ಕೆಲವು ದಿನ ಸಕ್ಕರೆ ಏರಬಹುದಾದುದರಿಂದ ವೈದ್ಯರಿಗೆ ಮೊದಲೇ ತಿಳಿಸಬೇಕು.

'ನರದ ಮಾತ್ರೆ'ಯ ವಿಚಾರವನ್ನು ಸ್ಪಷ್ಟವಾಗಿ ಹೇಳುವುದು ಒಳ್ಳೆಯದು. ಬಿ6 ಜೀವಸತ್ವದಿಂದ ಈ ಬೇನೆ ಗುಣವಾಗುವುದೆಂಬುದಕ್ಕೆ ಸಮರ್ಪಕ ಆಧಾರವಿಲ್ಲ. ಅದನ್ನು ಅತಿ ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ಅದರಿಂದಲೇ ನರಗಳು ಕೆಟ್ಟು ಕೈಕಾಲು ಜೋಮು ಹಿಡಿಯುತ್ತವೆ. ನೋವಿನ ಮಾತ್ರೆಗಳೂ ಇಲ್ಲಿ ಹೆಚ್ಚಿನ ಪ್ರಯೋಜನಕ್ಕೆ ಬಾರವು. ಹೊಟ್ಟೆಗೂ ಮೂತ್ರಪಿಂಡಕ್ಕೂ ತೊಂದರೆ ಕೊಡುವುದುಂಟು.

ಯೋಗಾಸನದ ಪ್ರಸ್ತಾಪ ಇಲ್ಲಿ ಬಾರದಿದ್ದರೆ ಕೊರತೆಯಾದೀತು. 1998ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಫಿಲಡೆಲ್ಫಿಯಾದ ಅಧ್ಯಯನವೊಂದು ಪ್ರಕಟವಾಯಿತು. 42 ಮಂದಿ ರೋಗಿಗಳಲ್ಲಿ ಒಂದು ಗುಂಪಿಗೆ ವಾರಕ್ಕೆರಡು ಬಾರಿಯಂತೆ 8 ವಾರ ಮೇಲ್ದೇಹದ ಕೀಲುಗಳಿಗೆ ತಕ್ಕ 11 ಆಸನಗಳನ್ನು ಕಲಿಸಲಾಯಿತು. ಆಸನಗಳು ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿಯವು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿ, 1937ರಲ್ಲಿ ಪುಣೆಗೆ ಬಂದು, 2014ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ನೆಲೆಸಿದ್ದ ಆ ಯೋಗಾಚಾರ್ಯರ ಹೆಸರು ಹೊರನಾಡ ಕನ್ನಡಿಗರಿಗೆ ಅಭಿಮಾನದ ವಿಷಯ. ಆಸನ ಕಲಿತವರ ಹಿಡಿತ ಬಲಗೊಂಡಿತು, ನೋವು ತಗ್ಗಿತು. ಅಭಿಮಾನವಿದ್ದರೂ ಲೆಕ್ಕದ ಇನ್ನೊಂದು ಪುಟವನ್ನು ಮುಚ್ಚಿಡುವಂತಿಲ್ಲ: ಅಧ್ಯಯನ ಚಿಕ್ಕದು, ನರದ ವೇಗದಲ್ಲಿ ಗಣನೀಯ ಸುಧಾರಣೆ ಕಾಣಲಿಲ್ಲ. ಆರಂಭದ ಹಂತದಲ್ಲಿ, ಬಲ್ಲ ಗುರುಗಳ ಬಳಿ, ಪಟ್ಟಿಯ ಜೊತೆಗೆ ಮಾಡಲು ಅಡ್ಡಿಯಿಲ್ಲ. ಅಂಗೈಯ ಮೇಲೆ ಮೈಭಾರ ಹಾಕುವ ಆಸನಗಳನ್ನು ಮಾತ್ರ ತಾವಾಗಿ ಪ್ರಯೋಗಿಸಬಾರದು.

ಜೋಮು ಹಗಲಿನಲ್ಲಿಯೂ ಬಿಡದೆ ನಿಂತರೆ, ಬಿಸಿ ಪಾತ್ರೆ ಮುಟ್ಟಿದರೂ ಬೆರಳಿಗೆ ತಿಳಿಯದೆ ಬೊಬ್ಬೆ ಏಳುತ್ತಿದ್ದರೆ, ಕಾಫಿಯ ಲೋಟ ಕೈಜಾರುತ್ತಿದ್ದರೆ, ಹೆಬ್ಬೆರಳ ಬುಡ ಚಪ್ಪಟೆಯಾಗತೊಡಗಿದರೆ, ಪಟ್ಟಿ ಚುಚ್ಚುಮದ್ದುಗಳ ಕಾಲ ಮುಗಿಯಿತೆಂದೇ ತಿಳಿಯಬೇಕು. ಆಗ ಶಸ್ತ್ರಕ್ರಿಯೆಯನ್ನು ಮುಂದೂಡಬಾರದು. ಶಸ್ತ್ರಕ್ರಿಯೆ ಎಂದೊಡನೆ ಹುಟ್ಟುವ ಭಯಕ್ಕೆ ಇಲ್ಲಿ ಅಷ್ಟು ಕಾರಣವಿಲ್ಲ. ಪೂರ್ತಿ ಅರಿವಳಿಕೆ ಬೇಡ. ಅಂಗೈಯಷ್ಟನ್ನೇ ಮರಗಟ್ಟಿಸಿ, ಬುಡದಲ್ಲಿ ಚಿಕ್ಕದಾಗಿ ಕೊಯ್ದು, ಆ ಅಡ್ಡಪಟ್ಟಿಯನ್ನು ಉದ್ದಕ್ಕೆ ಬಿಡಿಸಿ ಹೊಲಿಯುತ್ತಾರೆ. ದೂರದರ್ಶಕ ನಳಿಗೆಯ ಮೂಲಕ ಇನ್ನೂ ಸಣ್ಣ ಗಾಯದಲ್ಲಿ ಮಾಡುವ ಕ್ರಮವೂ ಇದೆ. ಕೆಲಸಕ್ಕೆ ಸ್ವಲ್ಪ ಬೇಗ ಮರಳಬಹುದೆಂಬುದನ್ನು ಬಿಟ್ಟರೆ ಕೊನೆಯ ಫಲ ಹೆಚ್ಚು ಕಡಿಮೆ ಒಂದೇ. ಅರ್ಧ ಗಂಟೆಯೊಳಗಿನ ಕೆಲಸ, ಸಂಜೆಗೆ ಮನೆಗೆ. ಆಸ್ಪತ್ರೆಯಲ್ಲಿ ರಾತ್ರಿ ತಂಗದ ಶಸ್ತ್ರಕ್ರಿಯೆಗಳ ಬಗ್ಗೆ ತಮ್ಮ ಆರೋಗ್ಯ ವಿಮೆಯ ಪತ್ರ ಏನು ಹೇಳುತ್ತದೆ, ಕಾಯುವ ಅವಧಿ ಇದೆಯೇ ಎಂಬುದನ್ನು ಮೊದಲೇ ಓದಿಕೊಂಡರೆ ಆಮೇಲೆ ಪರದಾಡುವುದು ತಪ್ಪುತ್ತದೆ. ಸೋಂಕು, ಗಾಯದ ಗುರುತಿನ ನೋವು, ಅತಿ ವಿರಳವಾಗಿ ನರಕ್ಕೆ ಪೆಟ್ಟು, ಇವು ಅಪಾಯಗಳು. ಕೈಯ ಶಸ್ತ್ರಕ್ರಿಯೆಯಲ್ಲಿ ನುರಿತವರನ್ನು ಹುಡುಕಿಕೊಂಡು ಹೋಗುವುದು ಅದಕ್ಕೇ.

ಆ ರಾತ್ರಿಯಿಂದಲೇ ಅನೇಕರಿಗೆ ಎಚ್ಚರವಿಲ್ಲದ ನಿದ್ರೆ ಬರುತ್ತದೆ. ಬೆರಳಿನ ಜೋಮು ಅಷ್ಟು ಬೇಗ ಹೋಗದು. ಘಾಸಿಗೊಂಡ ನರದ ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮಾತ್ರ ಬೆಳೆಯಬಲ್ಲದು. ಮಣಿಕಟ್ಟಿನಿಂದ ಬೆರಳ ತುದಿಗೆ ಎಷ್ಟು ದಿನದ ಪ್ರಯಾಣವೆಂದು ಓದುಗರೇ ಅಳೆದು ನೋಡಬಹುದು. ಹೊಲಿಗೆ ಬಿಚ್ಚುವುದು 10ರಿಂದ 14 ದಿನಗಳಲ್ಲಿ. ಬೆರಳುಗಳನ್ನು ಮೊದಲ ದಿನದಿಂದಲೇ ಆಡಿಸುತ್ತಿರಬೇಕು. ಅಂಗೈ ಬುಡದ ಎರಡು ಪಕ್ಕಗಳಲ್ಲಿ ಒತ್ತಿದರೆ ನೋವು ಕೆಲವು ತಿಂಗಳು ಉಳಿಯುತ್ತದೆ, ಹಿಡಿತದ ಬಲ ಮರಳಲು ಎರಡು ಮೂರು ತಿಂಗಳಾದರೂ ಬೇಕು. ಈ ಮಾತನ್ನು ಮೊದಲೇ ತಿಳಿಸದಿದ್ದುದರಿಂದ ಶಸ್ತ್ರಕ್ರಿಯೆ ಕೆಟ್ಟಿತೆಂದು ಕೊರಗುವವರಿದ್ದಾರೆ. ಎರಡೂ ಕೈಗಳಲ್ಲಿ ಬೇನೆಯಿದ್ದಲ್ಲಿ ಹೆಚ್ಚು ಕೆಟ್ಟಿರುವ ಕೈಯನ್ನು ಮೊದಲು ಮಾಡಿಸಿ, ಅದು ಕೆಲಸಕ್ಕೆ ಬಂದ ಮೇಲೆ ಇನ್ನೊಂದನ್ನು ಮಾಡಿಸುವುದು ಅನುಕೂಲ. ಊಟಕ್ಕಾದರೂ ಒಂದು ಕೈ ಉಳಿದಿರಬೇಕಷ್ಟೆ.

ಲೇಖನಿಯ ಹಿಡಿತ ಬದಲಾದವರಿಗೆ ಬ್ಯಾಂಕಿನ ಕಟಕಟೆಯಲ್ಲಿ ಒದಗುವ ತೊಡಕೊಂದಿದೆ. ಸಹಿ ಹೋಲುವುದಿಲ್ಲವೆಂದು ಚೆಕ್ಕು ಹಿಂದಿರುಗುತ್ತದೆ. ಹಿರಿಯರು ಅದನ್ನು ಅವಮಾನವೆಂದು ಭಾವಿಸಿ ಕುಗ್ಗುತ್ತಾರೆ. ಅದರ ಅಗತ್ಯವಿಲ್ಲ. ಗುರುತಿನ ಪತ್ರದೊಡನೆ ಶಾಖೆಗೆ ಹೋಗಿ ಹೊಸ ಮಾದರಿ ಸಹಿಯನ್ನು ದಾಖಲಿಸಬಹುದು. ಸಹಿ ಮಾಡಲು ಸಾಧ್ಯವೇ ಇಲ್ಲದಷ್ಟು ಅಶಕ್ತರಾದ ವೃದ್ಧರು ಮತ್ತು ರೋಗಿಗಳು ಹೆಬ್ಬೆಟ್ಟಿನ ಗುರುತಿನಿಂದಲೂ ಹಣ ಪಡೆಯಲು ರಿಜರ್ವ್ ಬ್ಯಾಂಕಿನ ಸೂಚನೆಯಲ್ಲಿ ಅವಕಾಶವಿದೆ. ಆ ಗುರುತನ್ನು ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸ್ವತಂತ್ರ ಸಾಕ್ಷಿಗಳು ದೃಢಪಡಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಶಸ್ತ್ರಕ್ರಿಯೆಯ ನಂತರ ಸಹಿ ಮಾಡಿಕೊಡುವವರು ಕೈ ಚೇತರಿಸಿಕೊಳ್ಳಲು ಮೂರು ತಿಂಗಳು ಬಿಟ್ಟು ಮಾದರಿ ಕೊಡುವುದು ಮೇಲು. ಮೊದಲ ವಾರಗಳ ಸಹಿ ಆಮೇಲಿನದನ್ನು ಹೋಲುವುದಿಲ್ಲ.